ಈ ವರ್ಷದ ಶನಿವಾರ ಸಂಜೆ ಉಪನ್ಯಾಸಗಳು: ಗದಗಿನವರಿಗೆ ಯಾವ ವಿಷಯ ಬೇಕು?

ಬಳಗದ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಮ್ಮ ಇತಿಹಾಸ ಬಳಗದ ಉಪನ್ಯಾಸ ಮಾಲೆಗೆ ವಿಷಯ ಆರಿಸುವ ಹೊತ್ತು ಬಂತು. ಎಂದಿನಂತೆ ಕಾರ್ತಿಕ ಮುಗಿದ ಮೇಲೆ ಶುರು, ಶಿವರಾತ್ರಿಯೊಳಗೆ ಮುಕ್ತಾಯ. ಶನಿವಾರ ಸಂಜೆ 6ಕ್ಕೆ. ದುಡ್ಡು ಕೊಡಬೇಕಿಲ್ಲ, ಚಹಾ ಇದೆ.

ಹೋದ ವರ್ಷದ ಕಥೆ ನಿಮಗೆಲ್ಲ ಗೊತ್ತು. ವೀರನಾರಾಯಣ ಗುಡಿ, ಕುಮಾರವ್ಯಾಸ, ಕಲ್ಯಾಣ ಚಾಲುಕ್ಯರ ವಾಸ್ತುಶಿಲ್ಪ. ಬಂದವರೆಲ್ಲ ಓದಿಕೊಂಡ ವಿದ್ವಾಂಸರೇ. ಆದರೆ ತುಂಬಿದ್ದು ಮುಂದಿನ ಎರಡು ಸಾಲು. ಊರ ಬಾವಿಗಳ ಬಗ್ಗೆ ಮಾತಿದ್ದ ದಿನ ಮಾತ್ರ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಮಾತು ಮುಗಿದರೂ ಯಾರೂ ಏಳಲಿಲ್ಲ. "ನಮ್ಮ ಓಣಿ ಬಾವಿ ಬಿಟ್ಟೇಬಿಟ್ಟಿರಲ್ಲ", "ಅದನ್ನು ಮುಚ್ಚಿಸಿದ್ದು ಯಾಕೆ ಗೊತ್ತೇನ್ರೀ" ಅಂತ ಶುರುವಾಯಿತು. ಕೊನೆಗೆ ಸಭಾಂಗಣದವರು ಲೈಟ್ ಆರಿಸಿ ನಮ್ಮನ್ನು ಎಬ್ಬಿಸಿದರು.

ಈ ಸಲ ಎಂಟೂ ದಿನ ಹಾಗೆ ಆಗಬೇಕು ಅಂತ ನನ್ನ ಆಸೆ. ವಿಷಯ ಹೇಳಿ. ಜಿಲ್ಲೆಯೊಳಗಿನದೇ ಇರಲಿ.

ನಿವೃತ್ತ ಮೇಷ್ಟ್ರು

ಕುರ್ಚಿ ತುಂಬಿಸುವುದೇ ಗುರಿಯಾದರೆ ಹಾಸ್ಯ ಭಾಷಣ ಇಡಿ ಸರ. ಇತಿಹಾಸಕ್ಕೆ ಒಂದು ಕ್ರಮ ಬೇಕು. ಊರಿನ ಹುಡುಗರಿಗೆ ಲಕ್ಕುಂಡಿ ಎಲ್ಲಿದೆ ಅಂತ ಗೊತ್ತು, ಅತ್ತಿಮಬ್ಬೆ ಯಾರು ಅಂತ ಗೊತ್ತಿಲ್ಲ. 1007ರ ಶಾಸನ ನಮ್ಮ ಮನೆ ಬಾಗಿಲಲ್ಲೇ ಇದೆ. ಬ್ರಹ್ಮ ಜಿನಾಲಯ ಕಟ್ಟಿಸಿದವಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು, ರನ್ನನಿಗೆ ಆಶ್ರಯ ಕೊಟ್ಟವಳು. ಅವಳನ್ನು ಬಿಟ್ಟು ಬಾವಿ, ಓಣಿ ಅಂತ ಹೋದರೆ ಹೇಗೆ?

ಲಕ್ಕುಂಡಿ ಹುಡುಗ

ಮೇಷ್ಟ್ರೇ, ನಾನು ಲಕ್ಕುಂಡಿಯವನೇ. ಅತ್ತಿಮಬ್ಬೆಯ ಬಗ್ಗೆ ಸಣ್ಣವನಿದ್ದಾಗಿನಿಂದ ಕೇಳುತ್ತಾ ಬಂದಿದ್ದೇನೆ. ಪ್ರತಿ ಸಭೆಯಲ್ಲೂ ಅದೇ ನಾಲ್ಕು ಮಾತು: ದಾನಚಿಂತಾಮಣಿ, ಸಾವಿರ ಪ್ರತಿ, ಚಪ್ಪಾಳೆ, ಮುಗಿಯಿತು.

ಸಾವಿರ ಪ್ರತಿ ಅಂದರೆ ಏನು ಅಂತ ಒಬ್ಬರಾದರೂ ಬಿಡಿಸಿ ಹೇಳಿದ್ದಾರಾ? ತಾಳೆಗರಿ ನಮ್ಮ ಎರೆಹೊಲದಲ್ಲಿ ಬೆಳೆಯುವುದಿಲ್ಲ. ಎಲ್ಲಿಂದ ತರಿಸಿದರು? ಗರಿ ಕುದಿಸಬೇಕು, ಒಣಗಿಸಬೇಕು, ಒಂದೇ ಅಳತೆಗೆ ಕತ್ತರಿಸಬೇಕು. ಕಂಟದಿಂದ, ಅಂದರೆ ಕಬ್ಬಿಣದ ಮೊನೆಕಡ್ಡಿಯಿಂದ, ಕೊರೆದು ಬರೆದ ಮೇಲೆ ಮಸಿ ತಿಕ್ಕಬೇಕು. ಒಂದು ಪ್ರತಿಗೇ ಎಷ್ಟು ಕೆಲಸ. ಬರೆಯುವವರನ್ನು ಎಲ್ಲಿ ಕೂರಿಸಿದ್ದರು, ಊಟ ಯಾರು ಹಾಕಿದರು? ಇದನ್ನು ಹೇಳುವವರಿದ್ದರೆ ನಾನು ಊರಿಂದ ಒಂದು ಟಂಟಂ ತುಂಬಾ ಜನರನ್ನು ಕರೆತರುತ್ತೇನೆ.

ಇನ್ನೂ ಒಂದು ಮಾತು. ಆ ಉಪನ್ಯಾಸ ಗದಗದ ಸಭಾಂಗಣದಲ್ಲಿ ಯಾಕೆ? ಲಕ್ಕುಂಡಿ ಇರುವುದು 12 ಕಿಲೋಮೀಟರ್ ದೂರದಲ್ಲಿ. ಕಲ್ಲಿನ ಮುಂದೆಯೇ ನಿಂತು ಓದಿ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿದರೆ ಸವೆದ ಅಕ್ಷರದ ನೆರಳು ಬಿದ್ದು ಚೆನ್ನಾಗಿ ಕಾಣುತ್ತದೆ. ನೇರ ಬೆಳಕಿನಲ್ಲಿ ಏನೂ ತಿಳಿಯುವುದಿಲ್ಲ.

ನಿವೃತ್ತ ಮೇಷ್ಟ್ರು

ತಮ್ಮಾ, ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ನನ್ನ ತಕರಾರಿಲ್ಲ.

ಜಂಕ್ಷನ್

ರೈಲಿನ ಬಗ್ಗೆ ಒಂದು ದಿನ ಬೇಕೇ ಬೇಕು. ನಮ್ಮ ಅಜ್ಜ, ಅಪ್ಪ ಇಬ್ಬರೂ ರೈಲ್ವೆಯವರು, ಅದಕ್ಕೇ ಸ್ವಲ್ಪ ಪಕ್ಷಪಾತ ಅಂತಲೇ ಇಟ್ಟುಕೊಳ್ಳಿ.

ಸೊಲ್ಲಾಪುರದ ಹತ್ತಿರದ ಹೋಟಗಿಯಿಂದ ಗದಗಿಗೆ ಮೀಟರ್ ಗೇಜ್ ಹಳಿ ಬಂದದ್ದು 1884ರಲ್ಲಿ. ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದೇ ಆ ಹಳಿ ಹಾಕಲಿಕ್ಕೆ, 1882ರಲ್ಲಿ. ಅದು ಬರಗಾಲದ ಹಳಿ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಮೇವಿಲ್ಲದೆ ಎತ್ತುಗಳು ಸತ್ತವು. ಎತ್ತು ಹೋದ ಮೇಲೆ ಚಕ್ಕಡಿ ಎಳೆಯುವವರು ಯಾರು? ಬೇರೆ ಕಡೆ ಕಾಳು ಇದ್ದರೂ ಇಲ್ಲಿಗೆ ತರಲು ದಾರಿ ಇರಲಿಲ್ಲ. ಮತ್ತೆ ಹಾಗಾಗಬಾರದು ಅಂತ ಸರ್ಕಾರ ಕಂಪನಿಗೆ ಖಾತ್ರಿ ಕೊಟ್ಟು ಹಳಿ ಹಾಕಿಸಿತು. ಕಾಳು ತರಲು ಹಾಕಿದ ಹಳಿ ಮುಂದೆ ಹತ್ತಿ ಸಾಗಿಸುವ ಹಳಿಯಾಯಿತು.

ಅದಕ್ಕೂ ಮೊದಲು ಈ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಮುಂಬೈಯ ವ್ಯಾಪಾರಿಗಳು ನಮ್ಮ ಹತ್ತಿಯನ್ನು ಕುಮಟಾ ಹತ್ತಿ ಅಂತಲೇ ಕರೆಯುತ್ತಿದ್ದರು. ಬೆಳೆದವರು ಇಲ್ಲಿಯವರು, ಹೆಸರು ಬಂದರಿನದು!

ಹಿಂಗಾರಿ ಜೋಳ

ಹತ್ತಿ ಅಂದಿರಲ್ಲ, ಅದಕ್ಕೆ ಸೇರಿಸುತ್ತೇನೆ. 1840ರ ದಶಕದಲ್ಲಿ ಅಮೆರಿಕದ ಬೀಜ ತರಿಸಿ ನಮ್ಮ ಕಡೆ ಬಿತ್ತಿಸಿದರು. ಧಾರವಾಡ-ಅಮೆರಿಕನ್ ಅಂತಲೇ ಅದರ ಹೆಸರು. 1861ಕ್ಕೆ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ಇಲ್ಲಿ ದರ ಏರಿದ್ದೇ ಏರಿದ್ದು. 1865ಕ್ಕೆ ಯುದ್ಧ ಮುಗಿಯಿತು, ದರ ಬಿತ್ತು. ಏರಿದ ದರ ನಂಬಿ ಸಾಲ ಮಾಡಿದವರ ಗತಿ? ಅದನ್ನು ಈಗಿನ ರೈತನಿಗೆ ಯಾರೂ ಕಲಿಸಬೇಕಿಲ್ಲ.

ನನ್ನ ಬೇಡಿಕೆ ಬೇರೆ. ನರಗುಂದ, 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಅಭಿವೃದ್ಧಿ ಕರ ಹಾಕಿದ್ದು, ಅದರ ವಿರುದ್ಧ ಎದ್ದದ್ದು, ನರಗುಂದ ಮತ್ತು ನವಲಗುಂದದಲ್ಲಿ ಗೋಲಿಬಾರ್ ಆದದ್ದು. ಅಂದು ಅಲ್ಲಿದ್ದವರು ಇನ್ನೂ ಬದುಕಿದ್ದಾರೆ. ಆಗ ಇಪ್ಪತ್ತರ ಪ್ರಾಯದವರು ಈಗ ಅರವತ್ತು ದಾಟಿದ್ದಾರೆ. ಅವರನ್ನು ವೇದಿಕೆ ಮೇಲೆ ಕೂರಿಸಿ ಕೇಳಬೇಕು. ಇನ್ನು ಹತ್ತು ವರ್ಷ ಬಿಟ್ಟರೆ ಪತ್ರಿಕೆ ಕತ್ತರಿಸಿಟ್ಟ ಕಾಗದ ಮಾತ್ರ ಉಳಿಯುತ್ತದೆ.

ಮತ್ತೆ ಕಾಲದ ವಿಷಯ. ಕಾರ್ತಿಕದ ನಂತರ ಅಂದದ್ದು ಸರಿ. ಹೆಸರು ಕಿತ್ತು, ಹಿಂಗಾರಿ ಬಿತ್ತನೆ ಮುಗಿದಿರುತ್ತದೆ. ಆದರೆ ಹತ್ತಿ ಬಿಡಿಸುವುದು ನಡೆದಿರುತ್ತದೆ. ಶನಿವಾರ ಹೊಲದಿಂದ ಬಂದು ಮೈ ತೊಳೆದು 6ಕ್ಕೆ ಗದಗದಲ್ಲಿ ಕೂರುವುದು ಹಳ್ಳಿಯವರಿಗೆ ಆಗುವ ಮಾತಲ್ಲ.

ನಿವೃತ್ತ ಮೇಷ್ಟ್ರು

1980 ಇತಿಹಾಸವೇ? ಅದು ರಾಜಕೀಯ. ಇಂಥ ಪಕ್ಷದವರು ಹೀಗೆ ಮಾಡಿದರು ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಸಭೆ ಜಗಳವಾಗುತ್ತದೆ. ನರಗುಂದ ಅಂದರೆ 1858 ಇದೆಯಲ್ಲ. ನರಗುಂದದ ದೊರೆ ಬಾಬಾಸಾಹೇಬರಿಗೆ ಬ್ರಿಟಿಷರು ದತ್ತು ಒಪ್ಪಲಿಲ್ಲ, ಆಯುಧ ಕಿತ್ತುಕೊಂಡರು, ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದ. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು. ಮುಂಡರಗಿ ಭೀಮರಾಯರು ಕೊಪ್ಪಳ ಕೋಟೆಯಲ್ಲಿ ಮಡಿದದ್ದೂ ಅದೇ ದಿನಗಳಲ್ಲಿ. ದಾಖಲೆ ಇದೆ, ತಾರೀಖು ಇದೆ.

ಹಿಂಗಾರಿ ಜೋಳ

1858 ಕೂಡ ಅಂದು ರಾಜಕೀಯವೇ ಆಗಿತ್ತು ಮೇಷ್ಟ್ರೇ. ಬ್ರಿಟಿಷರು ಅದನ್ನು ಏನಂತ ಬರೆದುಕೊಂಡರು? ಬಂಡಾಯ ಅಂತ. 1980ಕ್ಕೂ ನಾವು ಹೇಳುವುದು ಅದೇ ಮಾತು. ಅಷ್ಟು ಸಣ್ಣ ಊರು, ನೂರಿಪ್ಪತ್ತು ವರ್ಷದಲ್ಲಿ ಎರಡು ಸಲ ಸರ್ಕಾರದ ವಿರುದ್ಧ ಎದ್ದು ನಿಂತಿದೆ. ಯಾಕೆ ಅಲ್ಲೇ? ಇದನ್ನು ಕೇಳದೆ ಬರೀ ತಾರೀಖು ಓದಿದರೆ ಏನು ಸಿಕ್ಕಿತು?

ಜಂಕ್ಷನ್

ಎರಡನ್ನೂ ಹಿಂದೆ ಮುಂದೆ ಎರಡು ಶನಿವಾರ ಇಡಿ. ಜಗಳ ಮುಗಿಯಿತು. ಮುಗಿಯದಿದ್ದರೆ ಕುರ್ಚಿ ಅಂತೂ ತುಂಬುತ್ತದೆ 😄

ಧಾರವಾಡದ ಮಳೆ

ಹೊರಗಿನವಳು, ಆದರೂ ಒಂದು ಮಾತು. ಧಾರವಾಡದಲ್ಲಿ ಉಪನ್ಯಾಸಕ್ಕೆ ಬರವಿಲ್ಲ. ವಿದ್ಯಾವರ್ಧಕ ಸಂಘ ಶುರುವಾದದ್ದು 1890ರಲ್ಲಿ. ಕರ್ನಾಟಕ ಇತಿಹಾಸ ಸಂಶೋಧನ ಮಂಡಳವನ್ನು ಆಲೂರು ವೆಂಕಟರಾಯರು ಕಟ್ಟಿದ್ದು 1914ರಲ್ಲಿ. ಅಜ್ಜನ ಕಾಲದಿಂದಲೂ ಸಂಜೆ ಆರಕ್ಕೆ ಎಲ್ಲೋ ಒಂದು ಕಡೆ ಯಾರೋ ಮಾತಾಡುತ್ತಿರುತ್ತಾರೆ, ನಾವು ಹೋಗಿ ಕೂರುತ್ತೇವೆ. ಹೀಗೆ ಸಭೆ ಕೂತು ಕೂತು ಕಂಡದ್ದನ್ನು ಹೇಳುತ್ತೇನೆ.

6ಕ್ಕೆ ಅಂತ ಕಾರ್ಡಿನಲ್ಲಿ ಇರುತ್ತದೆ. 6:20ಕ್ಕೆ ಪ್ರಾರ್ಥನೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಅತಿಥಿಗಳ ಪರಿಚಯ, ಹಾರ, ಶಾಲು, ನೆನಪಿನ ಕಾಣಿಕೆ. ಉಪನ್ಯಾಸಕರ ಕೈಗೆ ಮೈಕ್ ಬರುವಾಗ 7 ದಾಟಿರುತ್ತದೆ. ಅಷ್ಟರಲ್ಲಿ ಅಧ್ಯಕ್ಷರು ಗಡಿಯಾರ ನೋಡುತ್ತಿರುತ್ತಾರೆ. ಪ್ರಶ್ನೆಗೆ "ಸಮಯದ ಅಭಾವ". ಕೊನೆಗೆ ಅಧ್ಯಕ್ಷರು ಮಾತ್ರ ಅರ್ಧ ತಾಸು ಮಾತಾಡುತ್ತಾರೆ! ನಿಮ್ಮ ಬಾವಿ ಉಪನ್ಯಾಸ ಗೆದ್ದದ್ದು ವಿಷಯದಿಂದ ಮಾತ್ರ ಅಲ್ಲ, ಜನರಿಗೆ ಮಾತಾಡಲು ಬಿಟ್ಟಿರಿ, ಅದಕ್ಕೆ.

ಇನ್ನು ದತ್ತಿ. ತಂದೆತಾಯಿಯ ಹೆಸರಿನಲ್ಲಿ ಯಾರಾದರೂ 25,000 ರೂಪಾಯಿ ಠೇವಣಿ ಇಟ್ಟಿರುತ್ತಾರೆ. ಶೇಕಡ 7 ಬಡ್ಡಿ ಹಿಡಿದರೂ ವರ್ಷಕ್ಕೆ 1,750. ಉಪನ್ಯಾಸಕರ ಬಸ್ ಖರ್ಚು, ಒಂದು ಶಾಲು, ಚಹಾ: ಮುಗಿಯಿತು. ಅಷ್ಟಕ್ಕೆ ದತ್ತಿ ಕೊಟ್ಟವರು ವಿಷಯವನ್ನೂ ಕಟ್ಟಿಹಾಕಿರುತ್ತಾರೆ. ಪ್ರತಿ ವರ್ಷ ಅದೇ ಕವಿಯ ಮೇಲೆಯೇ ಮಾತಾಗಬೇಕು. ನೀವು ದತ್ತಿ ತೆಗೆದುಕೊಂಡರೆ ವಿಷಯ ಬಳಗದ್ದು ಅಂತ ಮೊದಲೇ ಬರೆಸಿಕೊಳ್ಳಿ.

ಬಳಗದ ಕಾರ್ಯದರ್ಶಿ

ಅಕ್ಕಾವ್ರೇ, ಶಾಲು ಹಾರ ಬಂದ್ ಮಾಡಿದರೆ ನಮ್ಮ ಕಮಿಟಿಯ ಹಿರಿಯರು ನನ್ನನ್ನೇ ಬಂದ್ ಮಾಡುತ್ತಾರೆ. ಆದರೆ ಕೊನೆಗೆ ಇಡಬಹುದು. ಮೊದಲು ಉಪನ್ಯಾಸ, ಆಮೇಲೆ ಜನರ ಮಾತು, ಹೋಗುವಾಗ ಶಾಲು.

ಬೆಟಗೇರಿ ಲಾಳಿ

ಗದಗ-ಬೆಟಗೇರಿ ಅಂತ ಜೋಡಿ ಹೆಸರು. ಉಪನ್ಯಾಸ ಮಾತ್ರ ಯಾವಾಗಲೂ ಗದಗದ್ದು.

ನಮ್ಮಲ್ಲಿ ವೀರಗಲ್ಲುಗಳಿವೆ. ನೋಡಲು ಬಂದವರು ಫೋಟೋ ಹೊಡೆದು ಹೋಗುತ್ತಾರೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಅಂತ ಎಷ್ಟು ಜನರಿಗೆ ಗೊತ್ತು? ಕೆಳಗಿನ ಪಟ್ಟಿಯಲ್ಲಿ ಕಾಳಗ. ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತದ್ದಾದರೆ ದನಗಳೂ ಇರುತ್ತವೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ, ತುದಿಗೆ ಸೂರ್ಯ ಚಂದ್ರ. ರಾಜರ ಶಾಸನದಲ್ಲಿ ಬಾರದ ಹೆಸರುಗಳು ಈ ಕಲ್ಲುಗಳಲ್ಲಿ ಬರುತ್ತವೆ. ಗೌಡ, ದನಗಾಹಿ, ಕಾವಲಿನವ. ಮೇಷ್ಟ್ರ ಕ್ರಮಕ್ಕೂ ಭಂಗವಿಲ್ಲ, ಓಣಿಯೂ ಬಂತು.

ಎರಡನೆಯದು ಮಗ್ಗ. ನಮ್ಮ ಓಣಿಯಲ್ಲಿ ಲಾಳಿ ಸದ್ದು ಕಡಿಮೆಯಾಗಿದೆ, ನಿಂತಿಲ್ಲ. ನೇಕಾರನ ಬಗ್ಗೆ ಹೊರಗಿನ ಪ್ರೊಫೆಸರ್ ಬಂದು ಮಾತಾಡುವುದು ಬೇಡ. ನೇಕಾರನೇ ಮಾತಾಡಲಿ, ಪ್ರೊಫೆಸರ್ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಲಿ.

ಮನೆಯಾಕಿ

ನೇಕಾರ ಅಂದರೆ ಗಂಡಸು ಅಂತಲೇ ಎಲ್ಲರೂ ಮಾತಾಡುತ್ತಿದ್ದೀರಿ. ಲಾಳಿಗೆ ನೂಲಿನ ಕಂಡಿಕೆ ಸುತ್ತುವವರು ಯಾರು? ಹಾಸು ಹಾಯುವಾಗ ಮುರಿದ ಎಳೆ ಹುಡುಕಿ ಗಂಟು ಹಾಕುವವರು ಯಾರು? ನಮ್ಮತ್ತೆ ಮಾಡಿದ ಕೆಲಸಕ್ಕೆ ಬೇರೆ ಕೂಲಿ ಅಂತ ಒಂದು ಪೈಸೆ ಲೆಕ್ಕ ಬಿದ್ದಿಲ್ಲ, ಸೀರೆ ಮಾರಿದ ದುಡ್ಡು ಮಾತ್ರ ಮಾವನ ಹೆಸರಿಗೆ. ಆ ಉಪನ್ಯಾಸದಲ್ಲಿ ಇಬ್ಬರು ಹೆಂಗಸರು ಕೂರಲಿ.

ಸಂಜೆ 6 ನಮಗೆ ರೊಟ್ಟಿ ಬಡಿಯುವ ಹೊತ್ತು. ಒಂದೆರಡಾದರೂ ಭಾನುವಾರ 4ಕ್ಕೆ ಇಡಿ. ಹೆಣ್ಣುಮಕ್ಕಳು ಬರುವುದಿಲ್ಲ ಅಂತ ಆಮೇಲೆ ಹೇಳಬೇಡಿ.

ಲಕ್ಕುಂಡಿ ಹುಡುಗ

👆 ಇದು ನೂರಕ್ಕೆ ನೂರು.

ಏಲಕ್ಕಿ ಹಾರ, ಹಾವೇರಿ

ನಮ್ಮನ್ನೂ ಸೇರಿಸಿಕೊಳ್ಳಿ! ಬಂಕಾಪುರ, ಅಬ್ಬಲೂರು, ಹಾನಗಲ್ಲು. 1997ರವರೆಗೆ ಎಲ್ಲರೂ ಒಂದೇ ಧಾರವಾಡ ಜಿಲ್ಲೆಯವರೇ ಅಲ್ವಾ?

ಬಳಗದ ಕಾರ್ಯದರ್ಶಿ

ಪ್ರೀತಿಯಿಂದ ಬೇಡ ಅನ್ನುತ್ತೇನೆ. ಹಾನಗಲ್ಲಿಗೆ ಬಂದರೆ ಎಂಟು ವಾರವೂ ಅಲ್ಲೇ ಕಳೆಯುತ್ತದೆ. ನಿಮ್ಮಲ್ಲೇ ಒಂದು ಮಾಲೆ ಶುರು ಮಾಡಿ, ನಾವು ಕೇಳಲು ಬರುತ್ತೇವೆ. ಕಣಗಿನಹಾಳದ ಹೆಸರನ್ನು ಇನ್ನೂ ಯಾರೂ ಎತ್ತಿಲ್ಲ, ನನಗೆ ಆಶ್ಚರ್ಯ.

ಹಿಂಗಾರಿ ಜೋಳ

ಎತ್ತಬೇಕು ಅಂತಿದ್ದೆ. 1904ರಲ್ಲಿ ಸಹಕಾರಿ ಕಾಯ್ದೆ ಬಂತು, 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಬೋರ್ಡಿನ ಮೇಲೆ ಓದಿ ಹೆಮ್ಮೆಪಟ್ಟು ಬರುತ್ತೇವೆ, ಅಷ್ಟೇ. ನಾನು ಮೇಲೆ ಹೇಳಿದ ಹತ್ತಿ ಸಾಲ, ಜಂಕ್ಷನ್ ಅವರು ಹೇಳಿದ ಬರ, ಅದರ ಬೆನ್ನಿಗೆ ಸಾಹುಕಾರನ ಬಡ್ಡಿ. ಇದನ್ನೆಲ್ಲ ಕಂಡ ಸೀಮೆಯಲ್ಲಿ ಇಂಥ ಸಂಘ ಹುಟ್ಟಿದ್ದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ಹತ್ತಿ, ಬರ, ರೈಲು, ಸಂಘ: ನಾಲ್ಕನ್ನೂ ಒಂದರ ಹಿಂದೆ ಒಂದು ಇಟ್ಟರೆ ಒಂದೇ ಕಥೆಯಾಗುತ್ತದೆ.

ನಿವೃತ್ತ ಮೇಷ್ಟ್ರು

ಈಗ ನೀವು ಕ್ರಮಕ್ಕೆ ಬಂದಿರಿ. ನಾನು ಕೇಳಿದ್ದು ಇದನ್ನೇ.

ಡಂಬಳವನ್ನೂ ಮರೆಯಬೇಡಿ. ದೊಡ್ಡಬಸಪ್ಪನ ಗುಡಿಯನ್ನು ಎಲ್ಲರೂ ನೋಡಿದ್ದಾರೆ. ಅಲ್ಲಿ ಬೌದ್ಧ ವಿಹಾರ ಇತ್ತು, ತಾರಾದೇವಿಯ ಪೂಜೆ ನಡೆಯುತ್ತಿತ್ತು ಅಂತ 1095ರ ಶಾಸನ ಹೇಳುತ್ತದೆ. ನಡೆಸಿಕೊಂಡು ಹೋದವರು ಸೆಟ್ಟಿಗಳು, ವ್ಯಾಪಾರಸ್ಥರು. ಹನ್ನೊಂದನೆಯ ಶತಮಾನದ ಕೊನೆಗೂ ನಮ್ಮ ಕಡೆ ಬೌದ್ಧರಿದ್ದರು ಅನ್ನುವುದು ಸಣ್ಣ ಸುದ್ದಿಯಲ್ಲ. ಮುಂಬೈ ಕರ್ನಾಟಕದ ಶಾಸನಗಳು ದಕ್ಷಿಣ ಭಾರತ ಶಾಸನಗಳ 11, 15, 18, 20ನೇ ಸಂಪುಟಗಳಲ್ಲಿ ಅಚ್ಚಾಗಿವೆ. ಉಪನ್ಯಾಸಕ್ಕೆ ಬರುವವರು ಅದನ್ನು ತೆರೆದು ನೋಡಿಕೊಂಡು ಬಂದಿರಲಿ ಅಂತ ನನ್ನ ಕೋರಿಕೆ. ವಾಟ್ಸಾಪಿನಲ್ಲಿ ಓದಿದ್ದನ್ನು ಹೇಳುವುದಾದರೆ ನಮಗೂ ವಾಟ್ಸಾಪ್ ಇದೆ.

ಕರಿ ಕಡತ

ಎಲ್ಲರೂ ಕಲ್ಲಿನ ಬಗ್ಗೆ ಹೇಳಿದಿರಿ. ನಾನು ಬಟ್ಟೆ, ಕಾಗದದ ಬಗ್ಗೆ ಹೇಳುತ್ತೇನೆ.

ನಮ್ಮ ಮನೆಯ ಅಟ್ಟದಲ್ಲಿ ಒಂದು ದಫ್ತರ, ಹಳೆಯ ಕಾಗದಗಳ ಕಟ್ಟು, ಇದೆ. ಹಿಂದೆ ಕುಲಕರ್ಣಿಕೆ, ಅಂದರೆ ಊರ ಲೆಕ್ಕ ಬರೆಯುವ ಕೆಲಸ, ನಮ್ಮ ಮನೆಗಿತ್ತು. ಆ ಕಾಗದ ಅರ್ಧ ಮೋಡಿಯಲ್ಲಿದೆ, ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ, ಪೇಶವೆಯರ ಕಾಲದಿಂದ ಬಂದ ರೂಢಿ. ಮಗನಿಗೆ ಬಿಡಿ, ನನಗೇ ಓದಲು ಬರುವುದಿಲ್ಲ. ಹೊಲದ ತಕರಾರು ಕೋರ್ಟಿಗೆ ಹೋದಾಗ ಮಾತ್ರ ಮೋಡಿ ಬಲ್ಲವರನ್ನು ಹುಡುಕಿಕೊಂಡು ಜನ ಓಡಾಡುತ್ತಾರೆ. ಅದರ ಜೊತೆಗೆ ಎರಡು ಕಡತಗಳೂ ಇವೆ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಚಿದ ಪುಸ್ತಕ. ಬಳಪದಿಂದ ಬರೆಯುವುದು, ಬೇಡವಾದರೆ ಅಳಿಸಿ ಮತ್ತೆ ಬರೆಯುವುದು. ಹುಳ ಹಿಡಿದಿಲ್ಲ, ಆದರೆ ಮಡಿಕೆಯಲ್ಲಿ ಹರಿಯುತ್ತಿದೆ.

ಒಂದು ಸಂಜೆ ಯಾರ ಉಪನ್ಯಾಸವೂ ಬೇಡ. ಮನೆಯಲ್ಲಿ ಇಂಥದ್ದು ಇರುವವರು ತೆಗೆದುಕೊಂಡು ಬರಲಿ. ಮೋಡಿ ಬಲ್ಲವರೊಬ್ಬರು, ಹಳಗನ್ನಡ ಬಲ್ಲವರೊಬ್ಬರು ಮೇಜಿನ ಹತ್ತಿರ ಕೂರಲಿ. ಏನಿದೆ ಅಂತ ಓದಿ ಹೇಳಲಿ, ಅಲ್ಲೇ ಫೋಟೋ ತೆಗೆಯಲಿ. ಮೂಲ ಮನೆಯವರ ಕೈಯಲ್ಲೇ ಇರಲಿ. "ಸಂಶೋಧನೆಗೆ" ಅಂತ ಒಯ್ದ ಕಾಗದ ವಾಪಸ್ ಬಾರದ ಮನೆಗಳು ನಮ್ಮ ಬಳಗದಲ್ಲೇ ಇವೆ. ಅದಕ್ಕೇ ಜನ ಹೊರಗೆ ತೆಗೆಯುವುದಿಲ್ಲ.

ಧಾರವಾಡದ ಮಳೆ

ಇದಕ್ಕೆ ನಾನು ಧಾರವಾಡದಿಂದ ಬರುತ್ತೇನೆ. ಒಂದೇ ಸೂಚನೆ: ಫೋಟೋ ತೆಗೆದ ಮೇಲೆ ಯಾವ ಮನೆ ಅನ್ನುವುದನ್ನು ಹೊರಗೆ ಹಾಕಬೇಡಿ. ಹೊಲದ ಕಾಗದ ಅಂದರೆ ಅಣ್ಣತಮ್ಮಂದಿರ ಕಾಗದ. ನಿಮ್ಮ ಸಭೆಯಿಂದ ಹೊಸ ಕೇಸು ಹುಟ್ಟಬಾರದು.

ಜಂಕ್ಷನ್

ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತೀರಾ? ಹುಬ್ಬಳ್ಳಿ, ಬೆಂಗಳೂರಿನಲ್ಲಿರುವ ನಮ್ಮ ಮಂದಿ ಕೇಳುತ್ತಾರೆ.

ಬಳಗದ ಕಾರ್ಯದರ್ಶಿ

ಉಪನ್ಯಾಸ ಹಾಕುತ್ತೇವೆ. ಆಮೇಲಿನ ಜನರ ಮಾತನ್ನು ಧ್ವನಿ ಮುದ್ರಿಸಿ ಬಳಗದಲ್ಲಿ ಇಟ್ಟುಕೊಳ್ಳೋಣ, ಹಾಕುವುದು ಬೇಡ. ಕ್ಯಾಮೆರಾ ಕಂಡರೆ ಹಿರಿಯರು ಭಾಷಣ ಶುರು ಮಾಡುತ್ತಾರೆ. ಕ್ಯಾಮೆರಾ ಇಲ್ಲದಿದ್ದರೆ ನಿಜ ಹೇಳುತ್ತಾರೆ.

ಇಲ್ಲಿಯವರೆಗೆ ನನಗೆ ಕಂಡದ್ದು ಹೀಗೆ. ಮೊದಲ ನಾಲ್ಕು ಶನಿವಾರ ಹಿಂಗಾರಿ ಜೋಳ ಅವರ ಸರಣಿ, ಕೊನೆಗೆ ಕಣಗಿನಹಾಳ. ಅದನ್ನು ಅದೇ ಊರಿನಲ್ಲಿ, ಅವರು ಒಪ್ಪಿದರೆ. ನರಗುಂದಕ್ಕೆ ಒಂದೇ ಸಂಜೆ, ಎರಡೂ ಬಂಡಾಯ. ಮೇಷ್ಟ್ರು ಅಧ್ಯಕ್ಷತೆ ವಹಿಸಲಿ, ಜಗಳವಾದರೆ ಅವರೇ ಬಿಡಿಸಲಿ. ಬೆಟಗೇರಿಯದು ಬೆಟಗೇರಿಯಲ್ಲೇ, ಭಾನುವಾರ 4ಕ್ಕೆ, ವೀರಗಲ್ಲು ನೋಡಿಕೊಂಡು ಆಮೇಲೆ ಮಗ್ಗ. ಒಂದು ದಿನ ದಫ್ತರ, ಕಡತ. ಕೊನೆಯದು ಲಕ್ಕುಂಡಿ, ಕಲ್ಲಿನ ಮುಂದೆ. ಡಂಬಳ ಈ ವರ್ಷ ಹಿಡಿಸುವುದಿಲ್ಲ, ಮೇಷ್ಟ್ರು ಬೈಯಬಾರದು.

ನಿವೃತ್ತ ಮೇಷ್ಟ್ರು

ಬೈಯುತ್ತೇನೆ. ಮುಂದಿನ ವರ್ಷ ಮೊದಲನೆಯದು ಡಂಬಳ ಅಂತ ಈಗಲೇ ಬರೆದುಕೊಳ್ಳಿ. ಅಧ್ಯಕ್ಷತೆಗೆ ಒಪ್ಪಿದೆ, ಆದರೆ ಅಧ್ಯಕ್ಷ ಭಾಷಣ ಮಾಡುವುದಿಲ್ಲ. ಧಾರವಾಡದ ಅಕ್ಕಾವ್ರು ಹೆದರಿಸಿಬಿಟ್ಟಿದ್ದಾರೆ.

ಬೆಟಗೇರಿ ಲಾಳಿ

ನಮ್ಮ ಕಡೆ ಜಾಗ ನಾನು ನೋಡುತ್ತೇನೆ. ಮಾತಾಡಲು ಇಬ್ಬರು ಹೆಂಗಸರನ್ನು ಮನೆಯಾಕಿ ಅವರೇ ಒಪ್ಪಿಸಬೇಕು. ನಾನು ಕೇಳಿದರೆ "ನಮಗೇನು ಗೊತ್ತು" ಅನ್ನುತ್ತಾರೆ.

ಮನೆಯಾಕಿ

ಒಬ್ಬರು ಸಿಕ್ಕಂತೆಯೇ, ನಮ್ಮತ್ತೆ. ಮೈಕ್ ಕೊಡಬೇಡಿ, ಸುಮ್ನೆ ಕೂತು ಮಾತಾಡಿದರೆ ಆಯಿತು.

ಕರಿ ಕಡತ

ಲಕ್ಕುಂಡಿಗೆ ಒಂದು ತೊಡಕಿದೆ. ಬ್ರಹ್ಮ ಜಿನಾಲಯ ಪುರಾತತ್ವ ಇಲಾಖೆಯದು, ಸೂರ್ಯ ಮುಳುಗುವ ಹೊತ್ತಿಗೆ ಗೇಟ್ ಹಾಕುತ್ತಾರೆ. ಕತ್ತಲಲ್ಲಿ ಟಾರ್ಚ್ ಹಿಡಿದು ಓದುವುದು ಆಗುವುದಿಲ್ಲ. ಪಡಿಯಚ್ಚು ತೆಗೆದು ತೋರಿಸೋಣ ಅಂದರೆ ಅದಕ್ಕೂ ಅನುಮತಿ ಬೇಕು. ಒದ್ದೆ ಕಾಗದ ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಬಡಿದು, ಮಸಿ ಒತ್ತುವ ಕೆಲಸ. ಇಲಾಖೆಯವರ ಎದುರಿಗೆ ನಾವಾಗಿ ಮಾಡುವಂತಿಲ್ಲ.

ಲಕ್ಕುಂಡಿ ಹುಡುಗ

ಹಾಗಾದರೆ ಸಂಜೆ ನಾಲ್ಕೂವರೆಗೆ ಇಡೋಣ. ಶಿವರಾತ್ರಿ ಹತ್ತಿರ ಐದರ ನಂತರ ಬಿಸಿಲು ಓರೆಯಾಗಿ ಬೀಳುತ್ತದೆ, ಟಾರ್ಚಿನ ಕೆಲಸ ಅದೇ ಮಾಡುತ್ತದೆ. ಬರೆದ ಮುಖ ಬಿಸಿಲಿಗೆ ಹೇಗೆ ಸಿಗುತ್ತದೆ ಅಂತ ನಾಳೆ ಸಂಜೆ ಹೋಗಿ ನೋಡಿಕೊಂಡು ಬಂದು ಇಲ್ಲೇ ಹಾಕುತ್ತೇನೆ.

ಬಳಗದ ಕಾರ್ಯದರ್ಶಿ

ನೋಡಿಕೊಂಡು ಬಾ. ಇಲಾಖೆಗೆ ಅರ್ಜಿ ನಾನು ಬರೆಯುತ್ತೇನೆ. ವಾಪಸ್ ಬರಲು ಕೊನೆಯ ಬಸ್ ಎಷ್ಟಕ್ಕೆ ಅಂತಲೂ ಸ್ಟ್ಯಾಂಡಿನಲ್ಲಿ ಕೇಳಿಕೊಂಡು ಬಾ.